ಕಂಪ್ಯೂಟರ್ ಸೆಕ್ಯುರಿಟಿ ಆಡಿಟ್‌ಗೆ ಯಾರನ್ನು ಕರೆಸಬೇಕು?

ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಮೊದಲ ಸಲ ಬಂದವರು ಟೈ ಕಟ್ಟಿಕೊಂಡು ಬಂದು, ದೋಷ ಹುಡುಕುವ ಸ್ಕ್ಯಾನರ್ ತಂತ್ರಾಂಶ ತಾನಾಗಿ ಉಗುಳಿದ 200 ಪುಟಕ್ಕೆ ತಮ್ಮ ಲೋಗೋ ಅಂಟಿಸಿ ಕೊಟ್ಟು ಹೋದರು. ಅದಕ್ಕೇ ಹೇಳುತ್ತೇನೆ, ಮೊದಲು ಕಂಪನಿಯ ಮೂಲ ವಿಚಾರಿಸಿ. ಬಾಸ್ಟನ್ನಿನ ಲಾಫ್ಟ್ ಎಂಬ ಗುಂಪಿನ ಹ್ಯಾಕರ್‌ಗಳು 1998ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ಅರ್ಧ ಗಂಟೆಯಲ್ಲಿ ಇಂಟರ್‌ನೆಟ್ಟನ್ನೇ ಮಲಗಿಸಬಲ್ಲೆವು ಎಂದಿದ್ದರು. 2000ದಲ್ಲಿ ಅವರ ಗುಂಪೇ ಅಟ್‌ಸ್ಟೇಕ್ ಎಂಬ ಸಲಹಾ ಸಂಸ್ಥೆಯೊಳಗೆ ಸೇರಿತು. ಬೀಗ ಬಿಚ್ಚಿ ನೋಡಿದ ಅಂಥ ಕೈಗಳು ನಿಮ್ಮ ಕೆಲಸಕ್ಕೆ ಬರುತ್ತವೆಯೇ, ಅಥವಾ ಬರೀ ಮಾರಾಟದವರೇ ಬರುತ್ತಾರೆಯೇ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಾನ್ಯ ಮಾಡಿದ ಆಡಿಟರ್ ಪಟ್ಟಿಯಲ್ಲಿ ಹೆಸರು ನೋಡಿ. ಹಳೆಯ ವರದಿಯೊಂದರ ಮಾದರಿ ಕೇಳಿ; ಗ್ರಾಹಕರ ಹೆಸರು ಅಳಿಸದೆ ಕೊಟ್ಟರೆ ಕಾಫಿ ಕುಡಿಸಿ ಕಳಿಸಿಬಿಡಿ. ತೂತು ಮುಚ್ಚಿದ ಮೇಲಿನ ಮರುಪರೀಕ್ಷೆಯೂ ಅದೇ ದರದಲ್ಲಿ ಸೇರಿದೆ ಎಂದು ಕರಾರಿನಲ್ಲೇ ಬರೆಸಿ. ನಾವು ಬರೆಸಿರಲಿಲ್ಲ.