50 ಬೆರಣಿ ಅಂದರೆ ಎಷ್ಟು ಕೆಜಿ? ಶಂಖದ ಪರ್ಪಂ ಮಾಡಿದ ನನ್ನ ಅನುಭವ

ಸತತವಾಗಿ ಏಳನೇ ಪುಟವೂ ಬೆಳ್ಳಗೆ ಬಂತು. ಪುಟ ಅಂದರೆ ಮದ್ದನ್ನು ಮಣ್ಣಿನ ತಟ್ಟೆಗಳ ನಡುವೆ ಮುಚ್ಚಿ ಬೆರಣಿಯ ಬೆಂಕಿಯಲ್ಲಿ ಸುಡುವುದು. ಹಾಗೆ ಶಂಖವನ್ನು ಸುಟ್ಟು ಮಾಡಿದ ಬಿಳಿ ಬೂದಿಯ ಮದ್ದೇ ಪರ್ಪಂ. ಇನ್ನು ಬರೆಯಬಹುದು ಅನ್ನಿಸಿತು. ಅದಕ್ಕೂ ಮೊದಲೇ ಬರೆದಿದ್ದರೆ ಮುಂದಿನದು ನನ್ನ ಮಾನ ಕಳೆಯಬಹುದಿತ್ತು.

ನಾನು ತಾಳವಾಡಿ ಕಡೆಯವನು. ಜಿಲ್ಲೆ ಈರೋಡ್, ಮನೆಮಾತು ಕನ್ನಡ. ಓದಿದ್ದು ತಮಿಳರ ಸಾಂಪ್ರದಾಯಿಕ ವೈದ್ಯವಾದ ಸಿದ್ಧ, ಪಾಳಯಂಕೋಟೆಯ ಸರ್ಕಾರಿ ಸಿದ್ಧ ಕಾಲೇಜಿನಲ್ಲಿ. 1964ರಲ್ಲಿ ಶುರುವಾದ ಕಾಲೇಜು ಅದು. ಅಲ್ಲಿ ಮೊದಲ ವರ್ಷ ನನ್ನನ್ನು ಕಾಡಿದ ಪದ ‘ನೀಱು’. ಪರ್ಪಕ್ಕೆ ತಮಿಳಿನಲ್ಲಿ ಹಾಗೂ ಅನ್ನುತ್ತಾರೆ, ಅಂದರೆ ಬೂದಿ. ಹಳಗನ್ನಡದಲ್ಲೂ ಇದೇ ಪದ ಇದೇ ಅರ್ಥದಲ್ಲಿ ಇದೆ ಅಂತ ತಿಳಿದಾಗ ಏನೋ ಒಂದು ಸಂತೋಷ.

ಶಂಖದ ಪರ್ಪಂ ನಾನೇ ಮಾಡಬೇಕೆಂಬ ನನ್ನ ಹಟ ಚಾಮರಾಜನಗರದ ಆಯುರ್ವೇದದ ಗೆಳೆಯರಿಗೆ ಅರ್ಥವಾಗಲಿಲ್ಲ. ‘ಶಂಖಭಸ್ಮ ಅಂಗಡೀಲೇ ಸಿಗುತ್ತಲ್ವಾ ಡಾಕ್ಟ್ರೇ?’ ಅಂದರು. ಜೊತೆಯಲ್ಲಿ ಓದಿದವನೊಬ್ಬ ಫೋನಿನಲ್ಲಿ, ‘ಮಫಲ್ ಫರ್ನೇಸ್ ತಗೊಂಡು ಸುಮ್ನಿರೋ, ಬೆರಣಿ ಕಾಲ ಮುಗೀತು’ ಅಂದ. ಫರ್ನೇಸ್ ಅಂದರೆ ಕರೆಂಟಿನ ಕುಲುಮೆ. ಬೆಲೆ ಕೇಳಿಸಿದೆ. ಎಪ್ಪತ್ತು ಸಾವಿರದ ಹತ್ತಿರ ಹೇಳಿದರು. ಬಿಟ್ಟೆ. ಆದರೆ ದುಡ್ಡೊಂದೇ ಕಾರಣ ಅಲ್ಲ. ಬೆರಣಿಯ ಬೆಂಕಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಸಿದ್ಧರು ಪುಟ ಹಾಕಿದ್ದು ಆ ಬೆಂಕಿಯಲ್ಲಿ. ನನಗೆ ಅದನ್ನೇ ಕಲಿಯಬೇಕಿತ್ತು.

ಪುಟಗಳಿಗೆ ಪ್ರಾಣಿ, ಪಕ್ಷಿಗಳ ಹೆಸರು. ಒಂದೊಂದಕ್ಕೂ ಇಷ್ಟು ಬೆರಣಿ ಅಂತ ಲೆಕ್ಕ. ಲಾವಕ್ಕಿ ಪುಟಕ್ಕೆ 1 ಬೆರಣಿ, ಗೌಜಲಕ್ಕಿಗೆ 3, ಕೋಳಿಗೆ 10, ಹಂದಿಗೆ 50, ಆನೆಗೆ 1000. ನಾನು ಹಾಕಿದ್ದು ಹಂದಿ ಪುಟ, ಅಂದರೆ ವರಾಹ ಪುಟ. ಆದರೆ ಒಂದು ಬೆರಣಿ ಎಷ್ಟು ತೂಗಬೇಕು? ನಾವು ಕಲಿತದ್ದು ಎಣಿಕೆ ಮಾತ್ರ. ನನ್ನ ಎರಡು ವರ್ಷ ಅಲ್ಲೇ ಹೋಯಿತು.

ಮೊದಲ ಸಲ ಆಷಾಢದಲ್ಲಿ ಕೊಂಡ ಬೆರಣಿ. ರಾತ್ರಿಯಿಡೀ ಹೊಗೆ. ಬೆಳಿಗ್ಗೆ ತಟ್ಟೆಗಳ ಬಾಯಿ ಮುಚ್ಚಿದ್ದ ಶೀಲೆಮಣ್ಣು (ಬಟ್ಟೆಗೆ ಮೆತ್ತಿದ ಮಣ್ಣು) ಕೆರೆದು, ಅರೆದ ಶಂಖದ ಬಿಲ್ಲೆ ಮುರಿದರೆ ಹೊರಗೆ ಬಿಳಿ, ನಡುವೆ ಪೆನ್ಸಿಲ್ ಸೀಸದಂಥ ಕಪ್ಪು ಗೆರೆ. ಬೆರಳಲ್ಲಿ ಉಜ್ಜಿದರೆ ಮರಳು. ಅವ್ವ ನೋಡಿ, ‘ಮಳೆಗಾಲದ ಬೆರಣಿ ಹೊಗೆಗೇ ಸರಿ ಕಣಪ್ಪ, ಉರಿಗಲ್ಲ’ ಅಂದರು. ನಾನು ಕೇಳಲಿಲ್ಲ. ಇನ್ನೂ ಎರಡು ಪುಟ ಹಾಳು ಮಾಡಿದೆ.

ಬೇಸಿಗೆಯಲ್ಲಿ ಇನ್ನೊಬ್ಬರ ಹತ್ತಿರ ಕೊಂಡೆ. ಅಗಲವಾದ, ದಪ್ಪ ಬೆರಣಿ, ಒಂದೊಂದೂ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಎಣಿಸಿ 50 ಹಾಕಿದೆ. ಆ ರಾತ್ರಿ ಗಾಳಿ ಬೇರೆ. ಬೆಳಿಗ್ಗೆ ಬಿಲ್ಲೆ ನೋಡಿದರೆ ಹಾಲಿನ ಬಿಳಿ! ಕುಣಿಯುವುದೊಂದು ಬಾಕಿ. ನಾಲಿಗೆ ತುದಿಗೆ ಇಟ್ಟೆ, ಚುರ್ ಅಂತ ಸುಟ್ಟಿತು. ಅರಿಶಿನದ ನೀರಿಗೆ ಚಿಟಿಕೆ ಹಾಕಿದೆ. ಆರತಿ ತಟ್ಟೆಯ ಓಕುಳಿಯ ಹಾಗೆ ಕೆಂಪಾಯಿತು. ಪರ್ಪಂ ಹೋಗಿ ಸುಣ್ಣ ಆಗಿತ್ತು. ನಮ್ಮಲ್ಲಿ ಚುಣ್ಣಂ ಅಂತ ಸುಣ್ಣದ ಮದ್ದು ಬೇರೆಯೇ ಇದೆ, 500 ವರ್ಷ ಕೆಡುವುದಿಲ್ಲ ಅನ್ನುತ್ತಾರೆ, ನಿಜ. ಆದರೆ ಅರಿಯದೆ ಆದ ಸುಣ್ಣವನ್ನು ರೋಗಿಗೆ ಕೊಡಲಿಕ್ಕಾಗುತ್ತಾ? ತೆಂಗಿನ ಬುಡಕ್ಕೆ ಬಳಿದೆ.

ದಾರಿ ಸಿಕ್ಕಿದ್ದು ತಕ್ಕಡಿಯಿಂದ. ಶಂಖ ಪೂರ್ತಿ ಸುಣ್ಣವಾದರೆ 100 ಗ್ರಾಂ ಇದ್ದದ್ದು 56ಕ್ಕೆ ಇಳಿಯುತ್ತದೆ. ಶಾಲೆಯ ಕೆಮಿಸ್ಟ್ರಿ ಅಷ್ಟೆ. ಆ ಹಾಳಾದ ಪುಟದಲ್ಲಿ 400 ಗ್ರಾಂ ಹಾಕಿದ್ದೆ, ಸಿಕ್ಕಿದ್ದು ಸುಮಾರು 250. ಅವತ್ತಿನಿಂದ ಬಿಲ್ಲೆಯನ್ನೂ ತೂಗಿದೆ, ಬೆರಣಿಯನ್ನೂ ತೂಗಿದೆ. ಅವ್ವನ ಕೈಯಲ್ಲೇ ಅಂಗೈಯಗಲದ ಬೆರಣಿ ತಟ್ಟಿಸಿದೆ. ಶಿವರಾತ್ರಿ ಆದಮೇಲಿನ ಬಿಸಿಲಲ್ಲಿ ಒಣಗಿಸಿದ್ದು, ಒಂದೊಂದು 170–180 ಗ್ರಾಂ. 400 ಗ್ರಾಂ ಶಂಖಕ್ಕೆ 9 ಕೆಜಿ ಬೆರಣಿ. ಎಣಿಸಿದರೆ ಸರಿಯಾಗಿ 50ರ ಆಸುಪಾಸು! ಹಿರಿಯರ ಎಣಿಕೆ ಸುಳ್ಳಲ್ಲ, ನಾನು ಕೊಂಡ ಬೆರಣಿ ಸುಳ್ಳು. ಎರಡೂವರೆ ಸಾವಿರ ಕೊಟ್ಟು ತಂದ ಪೈರೋಮೀಟರ್ 700 ಡಿಗ್ರಿ ಸುತ್ತಮುತ್ತ ತೋರಿಸಿತು. 800 ದಾಟಿದ ದಿನವೆಲ್ಲ ಸುಣ್ಣದ ಭಯ.

ನಡುವೆ ತೆಂಗಿನ ಚಿಪ್ಪು ಹಾಕಿ ನೋಡಿದೆ. ಭಗ್ಗೆಂದು ಏರಿ ಇಳಿಯುತ್ತದೆ, ಮಣ್ಣಿನ ತಟ್ಟೆ ಎರಡು ಹೋಳು. ಭತ್ತದ ಹೊಟ್ಟು ಎರಡು ದಿನ ಉರಿದರೂ ಶಾಖ ಸಾಲದು. ಮೊಟ್ಟೆ ಓಡು ಚೆನ್ನಾಗಿ ಬಂತು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅರೆಯುವುದರಲ್ಲಿ ಅವಸರ ಬೇಡ. ಕಲ್ವದಲ್ಲಿ (ಅರೆಯುವ ಕಲ್ಲಿನಲ್ಲಿ) ಒಂದು ಸಾಮ, ಅಂದರೆ ಪೂರ್ತಿ ಮೂರು ಗಂಟೆ. ನಾನು ನಾಲ್ಕು ಅರೆಯುತ್ತೇನೆ. ಯಾವ ಸೊಪ್ಪಿನ ರಸ, ಎಷ್ಟು ಸಲ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಗುಂಡಿಯ ಒಳಗೋಡೆಗೆ ಏನು ಮೆತ್ತುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ. ಇದನ್ನು ಕಲಿಸಿದ ಆಸಾನ್‌ಗೆ ಮಾತು ಕೊಟ್ಟಿದ್ದೇನೆ. ಒಂದು ಮಾತ್ರ ಹೇಳುತ್ತೇನೆ: ಗುಂಡಿ ತಾನಾಗಿ ಆರುವವರೆಗೆ ಮುಟ್ಟಬೇಡಿ. ನಾನು ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೇ ತೆಗೆದು ತಟ್ಟೆ ಒಡೆದುಕೊಂಡೆ.

ಖರ್ಚು? ತೂತ್ತುಕುಡಿ ಕಡೆಯಿಂದ ತರಿಸಿದ ಒಡಕು ಶಂಖ ಕೆಜಿಗೆ 300ರ ಹತ್ತಿರ. ಬೆರಣಿ, ತಟ್ಟೆ, ಗುಂಡಿ ಕಟ್ಟಿಸಿದ್ದು, ಸೀಸ ಮತ್ತು ಆರ್ಸೆನಿಕ್ ಪರೀಕ್ಷೆಗೆ ಲ್ಯಾಬಿಗೆ ಕೊಟ್ಟ 4 ಸಾವಿರ, ಎಲ್ಲ ಸೇರಿ ಎರಡು ವರ್ಷಕ್ಕೆ 38–40 ಸಾವಿರ ಆಗಿರಬೇಕು. ಈಗ ಒಂದು ಪುಟಕ್ಕೆ 400 ರೂಪಾಯಿಯೂ ಆಗುವುದಿಲ್ಲ. ಮಾರುವುದಿಲ್ಲ, ನನ್ನ ರೋಗಿಗಳಿಗೆ ಮಾತ್ರ.

ಏಳನೇ ಪುಟದ ದಿನ ಆ ಫರ್ನೇಸ್ ಗೆಳೆಯ ಮನೆಗೇ ಬಂದಿದ್ದ. 400 ಹಾಕಿದ್ದು 388 ಬಂತು. ಪುಡಿ ಅವನ ಬೆರಳ ಗೆರೆಯೊಳಗೆ ಸೇರಿಕೊಂಡಿತು. ಅರಿಶಿನದ ನೀರು ಹೆಚ್ಚುಕಡಿಮೆ ಹಳದಿಯಾಗೇ ಉಳಿಯಿತು. ನುಣುಪು ನೋಡಲು ಬಟ್ಟಲ ನೀರಿನ ಮೇಲೆ ಚಿಟಿಕೆ ಉದುರಿಸಿದೆ, ತೇಲಿತು. ಅದರ ಮೇಲೆ ಒಂದು ರಾಗಿ ಕಾಳು ಬಿಟ್ಟೆ, ಅದೂ ತೇಲಿತು. ಅವನು ಬಗ್ಗಿ ತುಂಬಾ ಹೊತ್ತು ನೋಡಿದ. ಆಮೇಲೆ ಅವ್ವನ ಹತ್ತಿರ ಹೋಗಿ, ‘ನನಗೂ ಒಂದು ಮೂಟೆ ಬೆರಣಿ ತಟ್ಟಿಕೊಡ್ತೀರಾ ಅಮ್ಮಾ?’ ಅಂತ ಕೇಳಿದ.

ಈಗ ಗುಂಡಿಯಲ್ಲಿ ಮುತ್ತುಚಿಪ್ಪಿ ಇದೆ. ನಾಳೆ ಮಧ್ಯಾಹ್ನ ತೆಗೆಯಬೇಕು.