ಸಿಂಗಲ್ ಕೋಟನ್ನು ಡಬಲ್ ಮಾಡಿದ ಕಥೆ

“ಒಂದೊಂದೂ ಕೈಯಲ್ಲೇ ತಿದ್ದಬೇಕು ಮಾರಾಯ, ಬೇರೆ ದಾರಿ ಇಲ್ಲ” ಅಂತ ಗೆಳೆಯ ನಕ್ಕಿದ್ದ. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಕೋಟು, ಅಂದರೆ ಮಾತಿನ ಎರಡೂ ಕಡೆ ಹಾಕುವ ಉದ್ಧರಣ ಚಿಹ್ನೆ (ಸಿಂಗಲ್ ‘ ’, ಡಬಲ್ “ ”) ಬದಲಿಸುವ ಕೆಲಸ ನನ್ನದು, ಅವನದೂ ಇದೇ. ಈಗ ದಾರಿ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

1890ರ ಸುಮಾರಿನ ನಾಲ್ಕು ಲಂಡನ್ ಕಾದಂಬರಿಗಳು. ಮಾತೆಲ್ಲ ಸಿಂಗಲ್ ಕೋಟಿನಲ್ಲಿ, ಮಾತಿನೊಳಗಿನ ಮಾತು ಡಬಲ್‌ನಲ್ಲಿ. ಗಿರಾಕಿಗೆ ಅಮೆರಿಕದ ಪದ್ಧತಿ, ಅಂದರೆ ಪೂರ್ತಿ ಉಲ್ಟಾ ಬೇಕಿತ್ತು. ಹದಿನಾರು ಸಾವಿರಕ್ಕೆ ಒಪ್ಪಿಕೊಂಡೆ. ಫೈಂಡ್ ರಿಪ್ಲೇಸ್ ಒತ್ತಿದೆ. ‘ಡೋಂಟ್’ (don’t) ಪದದ ಹೊಟ್ಟೆಯಲ್ಲೂ ಡಬಲ್ ಕೋಟು ಬಂದು ಕೂತಿತು! ಮುಚ್ಚುವ ಸಿಂಗಲ್ ಕೋಟಿಗೂ ಅಪಾಸ್ಟ್ರಫಿಗೂ (ಬಿಟ್ಟ ಅಕ್ಷರದ ಜಾಗದಲ್ಲಿ ಹಾಕುವ ಗುರುತು) ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ, ಒಂದೇ ಸಂಕೇತ, U+2019.

ಸರಿ, ಅಕ್ಷರಗಳ ನಡುವೆ ಇರುವುದನ್ನು ಬಿಟ್ಟು ಉಳಿದದ್ದನ್ನು ಬದಲಿಸಿದೆ. ಆಗ ಕಾಕ್ನಿ, ಅಂದರೆ ಲಂಡನ್ನಿನ ದುಡಿಯುವ ಜನರ ಆಡುಮಾತು ಕೈಕೊಟ್ಟಿತು. ನಮ್ಮ ಮಂಡ್ಯ ಕಡೆ ಹಾಲು ಆಲಾಗುವಂತೆ ಅವರಿಗೆ ಹೌಸ್ ಔಸ್ (’ouse) ಆಗುತ್ತೆ, ಬಿಟ್ಟ ಅಕ್ಷರದ ಜಾಗದಲ್ಲಿ ಅಪಾಸ್ಟ್ರಫಿ. ಅದೆಲ್ಲ ತೆರೆಯುವ ಕೋಟಾಗಿಬಿಟ್ಟಿತ್ತು. ಎರಡು ಪುಸ್ತಕ ವಾಪಸ್ ಬಂದವು. ಕರಡು ತಿದ್ದಿದವರಿಗೆ ಕೊಟ್ಟ ನಾಲ್ಕೈದು ಸಾವಿರ ನನ್ನ ಜೇಬಿನದೇ.

ಆಮೇಲೆ ನೇರವಾಗಿ ಕೋಟಿನ ತಂಟೆಗೆ ಹೋಗಲಿಲ್ಲ. ಮೊದಲು ಅಪಾಸ್ಟ್ರಫಿಗಳನ್ನೆಲ್ಲ, ಪುಸ್ತಕದಲ್ಲಿ ಎಲ್ಲೂ ಇಲ್ಲದ ಒಂದು ಚಿಹ್ನೆ ಹಾಕಿ ಬಚ್ಚಿಟ್ಟೆ. ಡಬಲ್‌ಗೂ ಒಂದು ವೇಷ ಹಾಕಿದೆ. ಉಳಿದ ಸಿಂಗಲ್‌ಗಳನ್ನು ಡಬಲ್ ಮಾಡಿ, ಆಮೇಲೆ ವೇಷ ಕಳಚಿ ಹಳೇ ಡಬಲ್‌ಗಳನ್ನು ಸಿಂಗಲ್ ಮಾಡಿದೆ, ಅಪಾಸ್ಟ್ರಫಿಗಳನ್ನು ವಾಪಸ್ ತಂದೆ. ಔಸ್‌ನಂಥ ಪದಗಳ ಪಟ್ಟಿ ಮುನ್ನೂರರ ಹತ್ತಿರ ಇದೆ. ಅದನ್ನು ಮಾತ್ರ ಕೊಡಲ್ಲ, ಬೇಜಾರಾಗಬೇಡಿ. ಬಹುವಚನದ ಕೊನೆಗೆ ಬರುವ ಅಪಾಸ್ಟ್ರಫಿ (boys’ ಥರ) ಮುಚ್ಚುವ ಕೋಟಿನಂತೆಯೇ ಕಾಣುತ್ತೆ, ಅದನ್ನು ಕಣ್ಣಲ್ಲೇ ನೋಡಬೇಕು.

ಕೊನೆಗೆ ಪ್ರತಿ ಪ್ಯಾರಾದಲ್ಲಿ ತೆರೆದದ್ದು, ಮುಚ್ಚಿದ್ದು ಎಣಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ. ಒಬ್ಬನೇ ಮೂರು ಪ್ಯಾರಾ ಮಾತಾಡಿದರೆ ಪ್ರತಿ ಪ್ಯಾರಾಕ್ಕೂ ಕೋಟು ತೆರೆಯುತ್ತೆ, ಮುಚ್ಚುವುದು ಕೊನೆಯದರಲ್ಲಿ ಮಾತ್ರ. ಅದನ್ನು ತಪ್ಪು ಅಂತ ತೋರಿಸಿ ಒಂದು ರಾತ್ರಿ ನಿದ್ದೆ ಕೆಡಿಸಿತು.

ಮಿಸ್ಟರ್‌ನ ಸಂಕ್ಷೇಪಕ್ಕೆ ಬ್ರಿಟಿಷರು ಚುಕ್ಕಿ ಇಡಲ್ಲ ಅಂತ ನಂಬಿ ನಾನೇ ಸೇರಿಸಿದ್ದೆ. ಆ ಕಾಲದ ಪುಸ್ತಕದಲ್ಲಿ ಆಗಲೇ ಇತ್ತು. ಎರಡೆರಡು ಚುಕ್ಕಿ! ಇನ್ನು ಹಳೇ ಅಚ್ಚಿನಲ್ಲಿ ಸೆಮಿಕೋಲನ್ ಹಿಂದೆ ಇರುವ ಸಣ್ಣ ಜಾಗವನ್ನೂ ಉಳಿಸೋಣ ಅಂತ ಸುಮ್ನೆ ಎರಡು ದಿನ ಕಳೆದೆ. ನನ್ನ ಹಳೇ ಫೋನಿನಲ್ಲಿ ಆ ಜಾಗದಲ್ಲೆಲ್ಲ ಖಾಲಿ ಡಬ್ಬಿ. ಕಿತ್ತುಹಾಕಿದೆ.

ನಾಲ್ಕನೇ ಪುಸ್ತಕ ಒಂದೂವರೆ ದಿನದಲ್ಲಿ ಮುಗೀತು. ಗಿರಾಕಿ ಹಿಡಿದ ತಪ್ಪು ಏಳೋ ಎಂಟೋ. ನಕ್ಕಿದ್ದ ಗೆಳೆಯ ಈಗ ಆ ಪಟ್ಟಿ ಕೇಳುತ್ತಿದ್ದಾನೆ.