ಹನ್ನೆರಡು ತಿಂಗಳೂ ಸೈಕಲ್: ಬೆಂಗಳೂರಿನಲ್ಲಿ ನನ್ನ ಅನುಭವ

ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುತ್ತೇನೆ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಬೆವರಿನ ಬಗ್ಗೆ, ಆಮೇಲೆ ಏರು ರಸ್ತೆಯ ಬಗ್ಗೆ. ಎರಡೂ ಅಂಥ ದೊಡ್ಡ ವಿಷಯವಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು ಇದು, ಬೆಳಿಗ್ಗೆ ಎಂಟರೊಳಗೆ ಹೊರಟರೆ ಏಪ್ರಿಲ್‌ನಲ್ಲೂ ಹೇಗೋ ನಡೆಯುತ್ತದೆ. ವರ್ಷಪೂರ್ತಿ ತುಳಿಯುವವರನ್ನು ನಿಜವಾಗಿ ಕಾಡುವುದು ನೀರು ಮತ್ತು ಮರಳು. ಚೈನು ತಿನ್ನುವುದು ಅವು, ಬ್ರೇಕ್ ಸವೆಸುವುದು ಅವು, ರಸ್ತೆಯಂಚಿನಲ್ಲಿ ಕೂತು ಚಕ್ರ ಜಾರಿಸುವುದೂ ಅವೇ. ನನ್ನ ಸೈಕಲ್, ನನ್ನ ದಾರಿ, ಅಧಿಕಾರಿಗಳಿಗೆ ಕೊಡುವ ನನ್ನ ಅರ್ಜಿಗಳು ಎಲ್ಲವೂ ಈ ಲೆಕ್ಕದ ಮೇಲೇ ನಿಂತಿವೆ.

ಸೈಕಲ್ ಕೊಳ್ಳುವಾಗ ಗೇರ್ ಎಷ್ಟು ಎಂದು ಕೇಳಬೇಡಿ. ಹಿಂದೆ ಏಳು ಇದ್ದರೆ ಈ ಊರಿನ ಏರಿಗೆ ಬೇಕಾದಷ್ಟಾಯಿತು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಸ್ಪ್ರಿಂಗ್ ಇಲ್ಲದ ಗಟ್ಟಿಯದಾಗಿರಲಿ. ಅಗ್ಗದ ಸಸ್ಪೆನ್ಷನ್ ಫೋರ್ಕ್ ಭಾರ ಹೆಚ್ಚಿಸುವುದಲ್ಲದೆ ಒಂದೆರಡು ಮಳೆಗಾಲಕ್ಕೆ ಒಳಗೆ ತುಕ್ಕು ಹಿಡಿದು ಅಲ್ಲಾಡದೆ ನಿಲ್ಲುತ್ತದೆ. ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ಸ್ಕ್ರೂ ತೂತುಗಳಿವೆಯೇ ನೋಡಿ. 38 ಮಿ.ಮೀ. ಟೈರ್ ಹಾಕಿದ ಮೇಲೂ ಮಡ್‌ಗಾರ್ಡಿಗೆ ಬೆರಳಿನಷ್ಟು ಜಾಗ ಉಳಿಯಬೇಕು. ಆ ಸಂದು ಕಡಿಮೆಯಾದರೆ ಕೆಮ್ಮಣ್ಣಿನ ಕೆಸರು ಗಟ್ಟಿಯಾಗಿ ಚಕ್ರವನ್ನೇ ಹಿಡಿದುಕೊಳ್ಳುತ್ತದೆ.

ಟ್ಯೂಬಿನ ವಾಲ್ವ್ ಯಾವುದು ಎಂಬುದು ಚಿಕ್ಕ ವಿಷಯದಂತೆ ಕಂಡರೂ ದಿನನಿತ್ಯದ ಬದುಕನ್ನು ಅದು ತೀರ್ಮಾನಿಸುತ್ತದೆ. ರೇಸ್ ಸೈಕಲ್ಲುಗಳ ಸಣ್ಣ ಪ್ರೆಸ್ಟಾ ವಾಲ್ವ್ ಇದ್ದರೆ ರಸ್ತೆಬದಿಯ ಪಂಕ್ಚರ್ ಅಂಗಡಿಯವರ ಮೆಷಿನ್ನು ಅದಕ್ಕೆ ಕೂರುವುದಿಲ್ಲ, ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಬೇಕು. ಹಳೆಯ ಕಪ್ಪು ಸೈಕಲ್ಲಿನ ವಾಲ್‌ಟ್ಯೂಬ್ ನಮೂನೆಗೆ ಕೈಪಂಪೇ ಗತಿ. ಮೋಟರ್ ಬೈಕಿನ ವಾಲ್ವ್ ಇರುವ ಟ್ಯೂಬ್ ಹಾಕಿಸಿದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಆದರೆ ಕಂಪ್ರೆಸರ್‌ನಿಂದ ತುಂಬಿಸುವಾಗ ಒಂದೊಂದೇ ಸೆಕೆಂಡು ಬಿಟ್ಟು ಬಿಟ್ಟು ಒತ್ತಿಸಿ. ಸೈಕಲ್ ಟ್ಯೂಬಿನೊಳಗೆ ಜಾಗ ಕಡಿಮೆ, ಒಂದೇ ಉಸಿರಿಗೆ ತುಂಬಿಸಿದರೆ ಢಮಾರ್. 70 ಕೆ.ಜಿ. ಆಸುಪಾಸಿನವರಿಗೆ 38 ಮಿ.ಮೀ. ಟೈರಿನಲ್ಲಿ ಗಾಳಿಯ ಒತ್ತಡ ಹಿಂದೆ 55, ಮುಂದೆ 45 ಪಿಎಸ್ಐ ಸಾಕು. ಮಳೆ ದಿನ ಎರಡರಲ್ಲೂ ಐದು ಕಡಿಮೆ ಮಾಡುತ್ತೇನೆ.

ಪಂಕ್ಚರ್ ಆದಾಗ ತೂತಿನ ಆಕಾರವೇ ಕಾರಣ ಹೇಳುತ್ತದೆ. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಿದ್ದು ಗುಂಡಿಯ ಅಂಚಿಗೆ ರಿಮ್ ಬಡಿದಿದೆ. ತೂತು ಟ್ಯೂಬಿನ ಒಳಮೈಯಲ್ಲಿದ್ದರೆ ಸ್ಪೋಕ್ ಕಡ್ಡಿಗಳ ತುದಿಯ ನಿಪ್ಪಲ್‌ಗಳನ್ನು ಮುಚ್ಚುವ ರಿಮ್ ಟೇಪ್ ಸರಿದಿದೆ, ಟೇಪ್ ಬದಲಿಸದೆ ಎಷ್ಟು ಪ್ಯಾಚ್ ಹಾಕಿದರೂ ಮತ್ತೆ ಅಲ್ಲೇ ಹೋಗುತ್ತದೆ. ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಮುಕ್ಕಾಲುಪಾಲು ಅದು ಹರಿದ ಲಾರಿ, ಕಾರು ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣುವುದಿಲ್ಲ. ಟೈರಿನ ಒಳಗೆ ಹತ್ತಿಬಟ್ಟೆ ಆಡಿಸಿ, ಎಳೆ ಸಿಕ್ಕಿಕೊಂಡ ಕಡೆ ತಂತಿ ಇರುತ್ತದೆ, ಚಿಮ್ಮಟದಿಂದ ಕೀಳಿ. ಇದನ್ನು ಬಿಟ್ಟು ಟ್ಯೂಬ್ ಮಾತ್ರ ಬದಲಿಸಿದರೆ ಹತ್ತೇ ನಿಮಿಷದಲ್ಲಿ ಹೊಸದೂ ಹೋಗುತ್ತದೆ. ಮಳೆಯಲ್ಲಿ ನಿಂತು ಪ್ಯಾಚ್ ಹಾಕುವ ಸಾಹಸ ಬೇಡ, ಒದ್ದೆ ರಬ್ಬರಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಚೀಲದಲ್ಲಿ ಒಂದು ಹೊಸ ಟ್ಯೂಬ್, ಟೈರ್ ಎಬ್ಬಿಸಲು ಎರಡು ಪ್ಲಾಸ್ಟಿಕ್ ಲಿವರ್, ಸಣ್ಣ ಪಂಪು ಇರಲಿ. ಚಕ್ರಕ್ಕೆ ನಟ್ಟು ಇದ್ದರೆ ಅದರ ಅಳತೆಯ ಸ್ಪ್ಯಾನರ್ ಕೂಡ, ಸಾಮಾನ್ಯವಾಗಿ 15 ಮಿ.ಮೀ. ಪ್ಯಾಚ್ ಕೆಲಸ ಮನೆಯಲ್ಲಿ: ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಹೊಳಪು ಹೋಗಿ ಮಂಕಾಗುವ ತನಕ ಐದು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಒತ್ತುವುದು. ಒದ್ದೆಯಿರುವಾಗಲೇ ಒತ್ತುವವರೇ ಹೆಚ್ಚು, ಅವರ ಪ್ಯಾಚ್ ಏಳುವುದೂ ಅದಕ್ಕೇ.

ಇನ್ನು ಚೈನು. ಎಂಜಿನ್ ಆಯಿಲ್ ಸುರಿಯುವುದು ನಮ್ಮಲ್ಲಿ ವಾಡಿಕೆ. ಅದು ದೂಳು ಹಿಡಿದು ಕಪ್ಪು ಅಂಟಾಗಿ, ಚೈನಿನ ಪಿನ್ನುಗಳನ್ನು ಅರವಾಗಿ ಉಜ್ಜುತ್ತದೆ. ತೆಂಗಿನೆಣ್ಣೆ ಮಳೆಗೆ ತೊಳೆದುಹೋಗುತ್ತದೆ, ಡಿಸೆಂಬರ್ ಬೆಳಿಗ್ಗೆ ಚೈನಿನ ಮೇಲೇ ಹೆಪ್ಪುಗಟ್ಟುತ್ತದೆ. ತಲೆಗೆ ಹಚ್ಚಿಕೊಳ್ಳಿ, ಚೈನಿಗೆ ಬೇಡ. ಸೈಕಲ್ ಅಂಗಡಿಯಲ್ಲಿ ಸಿಗುವ ಒದ್ದೆ ಹವೆಯ ಲೂಬ್ (ಚೈನಿನ ಎಣ್ಣೆ) ಜೂನ್‌ನಿಂದ ನವೆಂಬರ್‌ವರೆಗೆ, ಒಣ ಹವೆಯದು ಉಳಿದ ತಿಂಗಳಿಗೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ರತಿ ರೋಲರಿಗೂ ಒಂದೇ ಹನಿ ಬಿಡಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಕಾಲು ಗಂಟೆ ಬಿಟ್ಟು ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ರೋಲರಿನ ಒಳಗೆ, ಹೊರಗೆ ಉಳಿದದ್ದು ಮರಳಿಗೆ ಆಹ್ವಾನ. ರಾತ್ರಿ ಹಾಕಿದರೆ ಒಳ್ಳೆಯದು, ಬೆಳಿಗ್ಗೆ ಹೊರಡುವ ಮುಂಚೆ ಹಾಕಿದರೆ ಪ್ಯಾಂಟಿಗೆ ಸಿಡಿಯುತ್ತದೆ.

ಸವೆತ ಅಳೆಯಲು ಬೇರೆ ಉಪಕರಣ ಬೇಡ, ಶಾಲೆಯ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ, ಅದನ್ನು ಬಿಟ್ಟು ಎಣಿಸಿದ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ದಾಟುವವರೆಗೆ ಬಿಟ್ಟರೆ ಹಿಂದಿನ ಚಕ್ರದ ಫ್ರೀವೀಲಿನ ಹಲ್ಲುಗಳೂ ಅದೇ ಅಳತೆಗೆ ಸವೆದಿರುತ್ತವೆ, ಹೊಸ ಚೈನು ಅದರ ಮೇಲೆ ಜಿಗಿಯುತ್ತದೆ, ಎರಡನ್ನೂ ಕೊಳ್ಳಬೇಕಾಗುತ್ತದೆ.

ಮಳೆಯಲ್ಲಿ ನೆನೆದು ಬಂದ ಸೈಕಲ್ಲಿಗೆ ಎರಡು ಮಗ್ ನೀರು ಹುಯ್ದು ಮರಳು ತೊಳೆದರೆ ಆಯಿತು. ವಾಟರ್ ಸರ್ವಿಸ್ ಅಂಗಡಿಯ ಗನ್ ಕೆಳಗೆ ಮಾತ್ರ ನಿಲ್ಲಿಸಬೇಡಿ, ಆ ಒತ್ತಡಕ್ಕೆ ಬೇರಿಂಗಿನ ಒಳಗೆ ನೀರು ನುಗ್ಗಿ ಗ್ರೀಸು ಹೊರಗೆ ಬರುತ್ತದೆ. ರಿಮ್ ಬ್ರೇಕ್ ಆದರೆ ಬ್ರೇಕ್ ಶೂಗಳನ್ನು ಬಿಚ್ಚಿ ನೋಡಿ. ರಬ್ಬರಿನಲ್ಲಿ ಮಿಣಮಿಣ ಹೊಳೆಯುವ ಅಲ್ಯೂಮಿನಿಯಂ ಚೂರುಗಳು ಸಿಕ್ಕಿಕೊಂಡಿರುತ್ತವೆ, ಕರಕರ ಸದ್ದು ಅವುಗಳದ್ದೇ. ಪಿನ್ನಿನಿಂದ ಕಿತ್ತು, ರಬ್ಬರನ್ನು ಉಪ್ಪುಕಾಗದಕ್ಕೆ ಉಜ್ಜಿ ಹಾಕಿ. ಹಾಗೇ ಬಿಟ್ಟರೆ ರಿಮ್‌ಗೆ ಗೀರು ಬೀಳುತ್ತದೆ. ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ನೀರು ಒರೆಸುವುದರಲ್ಲೇ ಮುಗಿಯುತ್ತದೆ. ಸಿಗ್ನಲ್ ಹತ್ತಿರ ಬರುವ ಮುಂಚೆಯೇ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳುವ ಅಭ್ಯಾಸ ಬೇಕು. ತಿಂಗಳಿಗೊಮ್ಮೆ ಸೀಟಿನ ಕಂಬ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ. ಸ್ಟೀಲ್ ಫ್ರೇಮಿನೊಳಗಿಂದ ಲೋಟದಷ್ಟು ನೀರು ಸುರಿದರೂ ಆಶ್ಚರ್ಯಪಡಬೇಡಿ.

ಮೈ ಒದ್ದೆಯಾಗದಂತೆ ನೋಡಿಕೊಳ್ಳಲು ಜಾಕೆಟ್ಟಿಗಿಂತ ಅಗಲವಾದ ರೇನ್‌ಕೋಟ್ ಹೊದಿಕೆಯೇ ಮೇಲು, ಕೆಳಗಿಂದ ಗಾಳಿ ಆಡುತ್ತದೆ. ಜೂನ್, ಜುಲೈನ ಜಿಟಿಜಿಟಿ ಮಳೆಗೆ ಅದು ಸಾಕು. ಸೆಪ್ಟೆಂಬರ್, ಅಕ್ಟೋಬರ್ ಸಂಜೆಯ ಗುಡುಗು ಮಳೆಗೆ ಯಾವ ಕೋಟೂ ಸಾಲದು, ಅರ್ಧ ಗಂಟೆ ಎಲ್ಲಾದರೂ ನಿಂತು ಚಹಾ ಕುಡಿಯುವುದೇ ಸರಿ. ಕಾಲಿಗೆ ಶೂ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ, ಶೂ ಆಫೀಸಿನಲ್ಲಿರಲಿ. ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಇಳಿಬಿಟ್ಟರೆ ಪಾದವೂ ಚೈನೂ ಅರ್ಧಕ್ಕರ್ಧ ಬಚಾವು.

ರಸ್ತೆ ಜಾರುವುದು ಜೋರು ಮಳೆಯಲ್ಲಲ್ಲ, ಮಳೆಯ ಮೊದಲ ಹತ್ತು ನಿಮಿಷದಲ್ಲಿ. ಆಗ ಎಣ್ಣೆ ಮತ್ತು ದೂಳು ಸೇರಿ ಡಾಂಬರಿನ ಮೇಲೆ ಲೋಳೆಯಾಗುತ್ತದೆ. ಬೇಸಿಗೆ ಮಳೆಯ ಹೊತ್ತಿಗೆ ಹೊಂಗೆ ಮರದ ಕೆಳಗೆ ಉದುರಿದ ಹೂವು ಇನ್ನೂ ಅಪಾಯ. ನೋಡಲು ಚೆಂದ, ಒದ್ದೆಯಾದರೆ ಬಾಳೆಹಣ್ಣಿನ ಸಿಪ್ಪೆ. ಮೆಟ್ರೊ ಕಾಮಗಾರಿಯ ಕಬ್ಬಿಣದ ಹಲಗೆ, ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟೆಗಳ ಮೇಲೆ ಹ್ಯಾಂಡಲ್ ನೇರ ಇರಲಿ, ಬ್ರೇಕ್ ಒತ್ತಬೇಡಿ, ತಿರುಗಬೇಡಿ.

ದಾರಿಯ ವಿಷಯದಲ್ಲಿ ಫೋನಿನ ಮ್ಯಾಪ್‌ಗಿಂತ ನೀರು ಹರಿಯುವ ದಿಕ್ಕನ್ನು ನಂಬುತ್ತೇನೆ. ಬೆಂಗಳೂರು ದಿಬ್ಬದ ಮೇಲಿನ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆ ಇಳಿಯುತ್ತದೆ. ಮಳೆನೀರು ಹರಿಯುವ ರಾಜಕಾಲುವೆ ದಾಟುವ ಪ್ರತಿ ಜಾಗದಲ್ಲೂ ಒಂದು ಇಳಿಜಾರು, ಒಂದು ಏರು, ಮಳೆಗಾಲದಲ್ಲಿ ತಳದಲ್ಲೊಂದು ಕೆರೆ. ದಿಬ್ಬದ ಬೆನ್ನಿನ ಮೇಲೇ ಸಾಗುವ ದಾರಿ ಎರಡು ಕಿಲೋಮೀಟರ್ ಸುತ್ತಾದರೂ ತುಳಿಯಲು ಹಗುರ, ಮಳೆಗೂ ಒಣ. ಹಾಗಾಗಿ ಬೇಸಿಗೆಗೊಂದು, ಮಳೆಗೊಂದು ದಾರಿ ಇಟ್ಟುಕೊಂಡಿದ್ದೇನೆ. ಅಂಡರ್‌ಪಾಸ್ ಮಳೆದಾರಿಯಲ್ಲಿ ಇರಲೇಬಾರದು. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಜೀವ ಹೋಗಿದೆ, ಸೈಕಲ್ ಯಾವ ಲೆಕ್ಕ. ನಿಂತ ನೀರಿನ ತಳ ಕಾಣದಿದ್ದರೆ ಇಳಿಯಬೇಡಿ, ಬಾಯ್ತೆರೆದ ಮ್ಯಾನ್‌ಹೋಲ್ ಇರುವುದು ಅಲ್ಲೇ.

ನಿಲ್ಲಿಸಿದ ಕಾರುಗಳಿಂದ ಒಂದು ಮೀಟರ್ ದೂರ ತುಳಿಯಿರಿ, ಬಾಗಿಲು ತೆರೆಯುವಷ್ಟು ಜಾಗ ಅದು. ನಿಲ್ದಾಣ ಹತ್ತಿರವಿದ್ದಾಗ ಬಿಎಂಟಿಸಿ ಬಸ್ಸಿನ ಎಡಕ್ಕೆ ನುಗ್ಗಬೇಡಿ, ಅದು ಎಡಕ್ಕೇ ಬರುವುದು. ದೊಡ್ಡ ಜಂಕ್ಷನ್‌ನಲ್ಲಿ ಬಲಕ್ಕೆ ತಿರುಗಬೇಕಿದ್ದರೆ ನೇರ ದಾಟಿ, ಎದುರು ಮೂಲೆಯಲ್ಲಿ ನಿಂತು ಸೈಕಲ್ ತಿರುಗಿಸಿಕೊಂಡು ಮುಂದಿನ ಸಿಗ್ನಲ್‌ಗೆ ಹೊರಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಡೆಯಿರಿ, ಓಟ ನಿಂತರೆ ಅವಕ್ಕೂ ಆಸಕ್ತಿ ಹೋಗುತ್ತದೆ.

ಇನ್ನು ಹೋರಾಟದ ಕಡೆ. ಸೈಕಲ್ ಪಥ ಬೇಕು ಎಂದು ಬ್ಯಾನರ್ ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ತಾತ್ಕಾಲಿಕ ಪಥಕ್ಕೆ ಸ್ಕೂಟರ್‌ಗಳು ಹೇಗೆ ನುಗ್ಗಿದವು ಎಂದು ಆ ರಸ್ತೆಯವರಿಗೆಲ್ಲ ಗೊತ್ತು. ಸೈಕಲ್ ಹ್ಯಾಂಡಲ್ 60–65 ಸೆಂ.ಮೀ. ಅಗಲ, ಸ್ಕೂಟರ್ ಹ್ಯಾಂಡಲ್ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಸೈಕಲ್ ನುಗ್ಗುವ ಸಂದಿನಲ್ಲಿ ಸ್ಕೂಟರ್ ನುಗ್ಗದಂತೆ ಕಂಬದಿಂದ ತಡೆಯಲಾಗದು. ಹಾಗಾಗಿ ನನ್ನ ಶ್ರಮ ಹೆಚ್ಚು ಹೋಗುವುದು ಚರಂಡಿ ಜಾಲರಿಗಳ ಮೇಲೆ.

ಕಬ್ಬಿಣದ ಪಟ್ಟಿಗಳು ಸಂಚಾರದ ದಿಕ್ಕಿಗೇ ಉದ್ದುದ್ದ ಇದ್ದರೆ ಚಕ್ರ ಸೀದಾ ಇಳಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಪರಿಹಾರ ಸುಲಭ: ಜಾಲರಿ ಚೌಕವಾಗಿದ್ದರೆ 90 ಡಿಗ್ರಿ ತಿರುಗಿಸಿ ಇಡುವುದು, ಇಲ್ಲವೇ ಅಡ್ಡಕ್ಕೆ 15 ಸೆಂ.ಮೀ.ಗೊಂದರಂತೆ ಪಟ್ಟಿ ವೆಲ್ಡ್ ಮಾಡುವುದು. ವೆಲ್ಡರ್‌ಗೆ ಅರ್ಧ ಗಂಟೆಯ ಕೆಲಸ. ಅರ್ಜಿಗೆ ಎರಡು ಫೋಟೊ ಸೇರಿಸುತ್ತೇನೆ. ಒಂದರಲ್ಲಿ ಸಂದಿನ ಮೇಲೆ ಸ್ಕೇಲ್ ಇಟ್ಟು ಮಿ.ಮೀ. ಕಾಣುವಂತೆ, ಇನ್ನೊಂದರಲ್ಲಿ ಅದೇ ಸಂದಿಗೆ ಸೈಕಲ್ ಚಕ್ರ ಇಳಿದಿರುವಂತೆ. ಎರಡನೆಯದನ್ನು ನೋಡಿದ ಎಂಜಿನಿಯರ್ ಹೆಚ್ಚು ವಾದ ಮಾಡುವುದಿಲ್ಲ. ಹತ್ತಿರದ ಅಂಗಡಿಯ ಹೆಸರಿಗಿಂತ ವಿದ್ಯುತ್ ಕಂಬದ ಸಂಖ್ಯೆ ಬರೆಯಿರಿ, ಅಂಗಡಿ ಬದಲಾಗುತ್ತದೆ.

ಯಾರಿಗೆ ಬರೆಯಬೇಕು ಎನ್ನುವುದರಲ್ಲೇ ಅರ್ಧ ಅರ್ಜಿಗಳು ಸಾಯುತ್ತವೆ. ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು, 1916ಕ್ಕೆ ಕರೆ ಮಾಡಿ. ಬೀದಿಯಲ್ಲಿ ವಿದ್ಯುತ್ ಕೇಬಲ್ಲಿಗೆ ತೋಡಿದ ಗುಂಡಿ ಬೆಸ್ಕಾಂನದಾದರೆ 1912. ರಸ್ತೆ ಮತ್ತು ಮಳೆನೀರು ಚರಂಡಿ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಾಗಿವೆ, ಹಳೆಯ ವಿಳಾಸಕ್ಕೆ ಬರೆದರೆ ಪತ್ರ ತಿರುಗುತ್ತಲೇ ಇರುತ್ತದೆ. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಸರಿಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. ಕಾಮಗಾರಿ ಆದೇಶದ ಪ್ರತಿ, ನಕ್ಷೆ, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ, ಈ ಮೂರನ್ನು ಕೇಳಿ. ಅವಧಿ ಮುಗಿದಿಲ್ಲ ಎಂದಾದರೆ ಗುತ್ತಿಗೆದಾರರೇ ಸರಿಮಾಡಿಕೊಡಬೇಕು, ಪಾಲಿಕೆಗೆ ಖರ್ಚಿನ ಮಾತೇ ಬರುವುದಿಲ್ಲ.

ಎಣಿಕೆಯೂ ಕೆಲಸಕ್ಕೆ ಬರುತ್ತದೆ. ಒಂದು ಜಂಕ್ಷನ್‌ನಲ್ಲಿ ಇಬ್ಬರು, ಬೆಳಿಗ್ಗೆ ಏಳರಿಂದ ಒಂಬತ್ತು, ಹದಿನೈದು ನಿಮಿಷಕ್ಕೊಂದು ಚೌಕದಂತೆ ಗೀಟು ಹಾಕುವುದು. ಶಾಲೆ ಮಕ್ಕಳು, ಪೇಪರ್ ಹಾಲು ಹಾಕುವವರು, ಸೆಕ್ಯುರಿಟಿ ಗಾರ್ಡ್‌ಗಳು, ಕಟ್ಟಡ ಕೆಲಸದವರು, ಹೆಲ್ಮೆಟ್ ಹಾಕಿದ ನಮ್ಮಂಥವರು ಎಂದು ಬೇರೆ ಬೇರೆ ಸಾಲು. ಏಳು ಗಂಟೆಗೇ ಶುರು ಮಾಡಿ, ತಡವಾಗಿ ನಿಂತರೆ ಪಾಳಿ ಮುಗಿಸಿ ಹೋಗುವ ಗಾರ್ಡ್‌ಗಳು ಲೆಕ್ಕಕ್ಕೇ ಸಿಗುವುದಿಲ್ಲ. ಸೈಕಲ್ ಅಂದರೆ ಭಾನುವಾರದ ಶೋಕಿ ಎಂದುಕೊಂಡಿರುವ ಅಧಿಕಾರಿಯ ಮುಂದೆ ಈ ಹಾಳೆ ಇಡಿ, ಮಾತಿನ ಧಾಟಿ ಬದಲಾಗುತ್ತದೆ.

ಆಫೀಸು, ಅಪಾರ್ಟ್‌ಮೆಂಟುಗಳಲ್ಲಿ ಸ್ಟ್ಯಾಂಡ್ ಕೇಳುವಾಗ ಮುಂದಿನ ಚಕ್ರವನ್ನಷ್ಟೇ ಹಿಡಿಯುವ ಬಾಚಣಿಗೆ ನಮೂನೆಯನ್ನು ಒಪ್ಪಬೇಡಿ. ಪಕ್ಕದವರು ತಳ್ಳಿದರೆ ರಿಮ್ ಬೆಂಡ್, ಬೀಗವೂ ಫ್ರೇಮಿಗೆ ತಲುಪದು. ಎರಡು ಇಂಚಿನ ಜಿಐ (ಸತು ಲೇಪಿತ ಕಬ್ಬಿಣ) ಪೈಪನ್ನು ತಲೆಕೆಳಗಾದ ಯು ಆಕಾರಕ್ಕೆ ಬಗ್ಗಿಸಿದರೆ ಒಂದಕ್ಕೆ ಎರಡು ಸೈಕಲ್. ಎತ್ತರ 75 ಸೆಂ.ಮೀ., ಎರಡು ಕಂಬಗಳ ನಡುವೆ 75, ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ಒಂದು ಮೀಟರ್, ಗೋಡೆಯಿಂದ 60 ಸೆಂ.ಮೀ. ಯಾವ ಫ್ಯಾಬ್ರಿಕೇಷನ್ ಶೆಡ್‌ನವರೂ ಮಾಡಿಕೊಡುತ್ತಾರೆ. ನೆಲದೊಳಗೆ 30 ಸೆಂ.ಮೀ. ಹೂತು, ಬುಡದ ಕಾಂಕ್ರೀಟನ್ನು ಅರ್ಧ ಇಂಚು ಎತ್ತರಿಸಿ ಹೊರಕ್ಕೆ ಇಳಿಜಾರು ಕೊಡಿಸಿ. ಗಾರ್ಡ್ ಕೂರುವ ಕುರ್ಚಿಯಿಂದ ನೇರ ಕಾಣುವ ಜಾಗವಾಗಿರಲಿ, ನೆಲಮಾಳಿಗೆಯ ಮೂಲೆಯಲ್ಲಿ ಹಾಕಿಸಿದರೆ ಅಲ್ಲಿ ನಿಲ್ಲುವುದು ಗಾಳಿ ಹೋದ ಹಳೆ ಸೈಕಲ್ಲುಗಳು ಮಾತ್ರ.